ಇಳಿಯಲು ಅನುಮತಿ

ಕಳೆದ ವಾರ ಮಾತು ಕೊಟ್ಟಿದ್ದಂತೆ ಈ ಸಲ ವಿಮಾನಚಾಲಕನು ನಿಲ್ದಾಣದ ನಿಯಂತ್ರಣ ಗೋಪುರಕ್ಕೆ ಒಪ್ಪಿಸಬೇಕಾದ ರೀಡ್‌ಬ್ಯಾಕನ್ನು ಕುರಿತು ಬರೆಯಬೇಕಾಗಿದೆ. “ರನ್‌ವೇ ಟೂ ಫೋರ್, ಕ್ಲಿಯರ್ಡ್ ಟು ಲ್ಯಾಂಡ್” ಎಂಬ ನುಡಿ ಕಿವಿಗೆ ಬಿದ್ದೊಡನೆ ರನ್‌ವೇಯ ಸಂಖ್ಯೆಯನ್ನೂ ಅನುಮತಿಯನ್ನೂ ತನ್ನ ಕಾಲ್‌ಸೈನನ್ನೂ ಮರಳಿ ನುಡಿದರೆ ಸಾಕು. ಜೊತೆಗೆ ಬಂದ ಗಾಳಿಯ ದಿಕ್ಕು ವೇಗಗಳು ಕೇಳಿ ಮನಸ್ಸಿನಲ್ಲಿಟ್ಟುಕೊಳ್ಳತಕ್ಕ ಸಂಗತಿಗಳೇ ಹೊರತು ಒಪ್ಪಿಸತಕ್ಕವಲ್ಲ. ಆದರೂ ಸಮಸ್ತವನ್ನೂ ಒಂದೇ ಉಸಿರಿನಲ್ಲಿ ಉರು ಹೊಡೆದು ಒಪ್ಪಿಸುವುದನ್ನೇ ವಿದ್ಯೆಯೆಂದು ಬಗೆಯುವ ಶಿಕ್ಷಕಪಂಥವೊಂದುಂಟು. ಅದರೊಡನೆ ನನ್ನ ವಿವಾದ ಹಳೆಯದು. ಕಂಠಪಾಠದ ಭರದಲ್ಲಿ ಅನುಮತಿಯು ಆಜ್ಞೆಯ ರೂಪವನ್ನು ತಾಳಿ ಶಿಷ್ಯನ ಬುದ್ಧಿಯನ್ನು ಕಟ್ಟಿಹಾಕುತ್ತದೆಂಬುದೇ ನನ್ನ ಆಕ್ಷೇಪ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಓದುಗರಿಗಾಗಿ ಬರೆಯುವವನು ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯನ್ನು ಬದಿಗಿಟ್ಟು ಕಂಠಪಾಠದ ಚರ್ಚೆಯಲ್ಲಿ ಮುಳುಗುವುದು ಉಚಿತವಲ್ಲವಾದುದರಿಂದ, ಆ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ. 1951ರ ಡಿಸೆಂಬರ್ 25ರಂದು ನೆಹರೂ ಅವರ ಡಕೋಟಾ ಬಂದಿಳಿದ ಆ ಗುಡ್ಡದ ನೆತ್ತಿಯಲ್ಲಿ ಮೊದಲಿದ್ದುದು 1,615 ಮೀಟರಿನ ರನ್‌ವೇ. 2,450 ಮೀಟರಿನದು 2006ರಲ್ಲಿ ಬಳಕೆಗೆ ಬಂದಿತು. ಮುಂಗಾರಿನ ನೈಋತ್ಯ ಮಾರುತಕ್ಕೆ ಮುಖವೊಡ್ಡಿ, ಇದರ 24 ಎಂಬ ಸಂಖ್ಯೆಯ ತುದಿಯಲ್ಲಿ ಇಳಿಯಬೇಕಾದ ವಿಮಾನಗಳು ಮೂಡುಬಿದಿರೆ ಬಂಟ್ವಾಳಗಳ ನಡುವಣ ಆಕಾಶದಿಂದಲೇ ತಗ್ಗುತ್ತ ಬರುವುದನ್ನು ನಮ್ಮವರು ನಿತ್ಯವೂ ಕಾಣುತ್ತಾರೆ.

2010ರ ಮೇ 22ರ ಪ್ರಾತಃಕಾಲ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವೂ ಈ 24ನೆಯ ರನ್‌ವೇಗೇ ಇಳಿಯತೊಡಗಿತ್ತು. ಬಜಪೆಯ ರಾಡಾರು ಎರಡು ದಿನಗಳ ಹಿಂದೆ ಕೆಟ್ಟಿದ್ದುದರಿಂದ ಗೋಪುರಕ್ಕೆ ಚಾಲಕರ ಮಾತೇ ಪ್ರಮಾಣ. ಇಳಿಯುವ ಪಥದಲ್ಲಿ ನೆಲೆಗೊಂಡಿರುವಿರಾ ಎಂದು ಗೋಪುರವು ಕೇಳಿದಾಗ, ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿದ್ದ ಆ ವಿಮಾನದ ಕ್ಯಾಪ್ಟನ್, ಹೌದೆನ್ನುವಂತೆ ಸಹಚಾಲಕನನ್ನು ಒತ್ತಾಯಿಸಿದನು. ಹೌದೆಂಬ ಉತ್ತರ ಹೋಯಿತು. ಗಾಳಿ ಶಾಂತವಾಗಿದೆಯೆಂಬ ವಾರ್ತೆಯೊಡನೆ ಅನುಮತಿಯೂ ಬಂದಿತು. ಸಹಚಾಲಕನು ಮೂರು ಬಾರಿ “ಗೋ ಅರೌಂಡ್”, ಅಂದರೆ ಇಳಿಯದೆ ಮೇಲೇರು, ಎಂದರೂ, ಯಂತ್ರವು ಎಚ್ಚರಿಕೆಯ ಮೇಲೆ ಎಚ್ಚರಿಕೆ ಕೊಟ್ಟರೂ, ಕ್ಯಾಪ್ಟನ್ ಮೇಲೇರಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದುವು; ವಿಮಾನ ನಿಲ್ಲದೆ ಅಂಚು ದಾಟಿ ಹೋಯಿತು. ಮೃತರು 158, ಬದುಕುಳಿದವರು ಎಂಟೇ ಮಂದಿ. ಸ್ಥಿರಗೊಳ್ಳದ ಇಳಿತವನ್ನು ಕೈಬಿಡದೆ ಮುಂದುವರಿಸಿದುದೇ ಪ್ರತ್ಯಕ್ಷ ಕಾರಣವೆಂದು ಏರ್ ಮಾರ್ಷಲ್ ಗೋಖಲೆಯವರ ನೇತೃತ್ವದ ವಿಚಾರಣಾ ನ್ಯಾಯಾಲಯ ನಿರ್ಣಯಿಸಿತು.

ಆ ಅನುಮತಿಯಲ್ಲಿ ದೋಷವೇನೂ ಇರಲಿಲ್ಲವೆಂಬುದನ್ನು ವಿದ್ಯಾರ್ಥಿಯು ಮನನ ಮಾಡಬೇಕು. ರನ್‌ವೇ ನಿನಗಾಗಿ ತೆರವಾಗಿದೆ ಎಂದಷ್ಟೇ ಗೋಪುರ ಹೇಳುತ್ತದೆ. ನಿನ್ನ ಎತ್ತರ ಸರಿಯಿದೆಯೆಂದಾಗಲಿ, ವೇಗ ತಕ್ಕದ್ದೆಂದಾಗಲಿ, ಒದ್ದೆಯಾದ ನೆಲದಲ್ಲಿ ಬ್ರೇಕು ಹಿಡಿಯುವುದೆಂದಾಗಲಿ ಅದು ಭರವಸೆ ನೀಡುವುದಿಲ್ಲ. 1981ರ ಆಗಸ್ಟ್ 19ರಂದು ಮೂಡುಬಿದಿರೆಯ ರಾಜಕಾರಣಿ ವೀರಪ್ಪ ಮೊಯಿಲಿಯವರೂ ಪ್ರಯಾಣಿಸುತ್ತಿದ್ದ ಆವ್ರೋ ವಿಮಾನ ಬಜಪೆಯ ಹಳೆಯ ರನ್‌ವೇಯ ಮಳೆನೀರಿನಲ್ಲಿ ಅಂಚು ದಾಟಿ ನಿಂತಿತ್ತು, ಪ್ರಾಣಹಾನಿಯಾಗದುದು ದೈವಕೃಪೆ. ಇಳಿಯದೆ ಮೇಲೇರುವುದಕ್ಕಾದರೋ ಯಾರ ಅಪ್ಪಣೆಯೂ ಬೇಡ: ಮೊದಲು ವಿಮಾನವನ್ನು ಏರಿಸಿ, ಆಮೇಲೆ “ಗೋಯಿಂಗ್ ಅರೌಂಡ್” ಎಂದು ತಿಳಿಸಿದರಾಯಿತು.

ಜಕ್ಕೂರಿನಲ್ಲಾಗಲಿ ಅನ್ಯತ್ರವಾಗಲಿ ನಮ್ಮ ಸೀಮೆಯ ತರುಣ ತರುಣಿಯರಿಗೆ ಹಾರಾಟ ಕಲಿಸುತ್ತಿರುವ ಶಿಕ್ಷಕರಲ್ಲಿ ನನ್ನದೊಂದು ಬಿನ್ನಹ: ಶಿಷ್ಯರನ್ನು ಏಕಾಂಗಿ ಹಾರಾಟಕ್ಕೆ ಬಿಡುವ ಮುನ್ನ, ಅನುಮತಿ ದೊರೆತ ಮೇಲೆಯೂ ಇಳಿಯದೆ ಮೇಲೇರುವ ಅಭ್ಯಾಸವನ್ನು ಅವರ ಕೈಗೆ ಬರುವವರೆಗೂ ಮಾಡಿಸಿರಿ, ಹಾಗೆ ಮೇಲೇರಿದ ಶಿಷ್ಯನನ್ನು ಎಂದಿಗೂ ಗದರಿಸಬೇಡಿರಿ.