ಮಶೀನು ಬಿಕ್ಕುವ ಸದ್ದು

ಹಳೇ ಚೈನ್‌ಸಾದ ಸದ್ದನ್ನು ಸಂಗೀತವೆಂದು ಕೊಂಡಾಡುವ ಗೀಳು ನಮ್ಮ ಸೀಮೆಗೂ ಹತ್ತಿದೆ. ದಾಂಡೇಲಿಯ ಚಹಾದಂಗಡಿಯಲ್ಲಿ ಕೂತು, ಯಾವುದೋ ದೇಶದ ಮುದುಕ ಅರವತ್ತು ವರ್ಷದ ಮಶೀನಿಗೆ ಹಗ್ಗ ಎಳೆಯುವುದನ್ನು ಫೋನಿನಲ್ಲಿ ಕಣ್ಣರಳಿಸಿ ನೋಡುವವರಿದ್ದಾರೆ. ‘ಈಗಿನವು ಸೊಳ್ಳೆ ಕೂಗಿದಂಗ. ಇದು ನೋಡ್ರಿ, ಹುಲಿ!’ ನನ್ನ ತಕರಾರು ಈ ಹುಲಿಯ ಬಗ್ಗೆ.

ಅವರ ವಾದದಲ್ಲಿ ಗಟ್ಟಿಯಾದದ್ದು ಒಂದೇ. ಕಾರ್ಬ್ಯುರೇಟರಿನ ಸ್ಕ್ರೂ ತುಸು ಸಡಿಲಿಸಿ ಪೆಟ್ರೋಲ್ ಹೆಚ್ಚು ಬಿಟ್ಟರೆ, ಖಾಲಿ ಓಡುವ ಟು-ಸ್ಟ್ರೋಕ್ ಎಂಜಿನ್ನು ಒಂದು ಸುತ್ತು ಬಿಟ್ಟು ಇನ್ನೊಂದಕ್ಕೆ ಉರಿಯುತ್ತದೆ. ದನಿ ಒಡೆದು ಬಿಕ್ಕಿದಂತೆ ಕೇಳುತ್ತದೆ. ಚೈನ್ ಸುತ್ತುವ ಬಾರ್ ಮರಕ್ಕೆ ಹೊಕ್ಕು ಭಾರ ಬಿತ್ತೋ, ಬಿಕ್ಕು ನಿಂತು ದನಿ ಒಂದೇ ಎಳೆ. ಎತ್ತಿದರೆ ಮತ್ತೆ ಬಿಕ್ಕು. ಪಳಗಿದ ಮಿಸ್ತ್ರಿ ಇದನ್ನು ಕೇಳಿಯೇ ಸ್ಕ್ರೂ ಕೂರಿಸುತ್ತಾನೆ. ಬಿಕ್ಕು ಪೂರ್ತಿ ಅಳಿಸಿದರೆ ಪೆಟ್ರೋಲಿನ ಜೊತೆ ಹೋಗುವ ಆಯಿಲೂ ಕಡಿಮೆಯಾಗಿ ಪಿಸ್ಟನ್ ಸೀಜ್. ಈಗ ದುಬಾರಿ ಮಶೀನುಗಳಲ್ಲಿ ಈ ಕೆಲಸ ಎಲೆಕ್ಟ್ರಾನಿಕ್ಸ್‌ನದು. ಅಂಥ ಕಿವಿ ಇಲ್ಲವಾಗುವುದು ನಷ್ಟವೇ, ಒಪ್ಪಿದೆ.

ಆದರೆ ಆ ಬಿಕ್ಕು ಹೇಳುವುದು ಎಂಜಿನ್ನಿನ ಹೊಟ್ಟೆಯ ಸಮಾಚಾರ. ಮರದ ಬಗ್ಗೆ ಅದಕ್ಕೆ ತಿಳಿದಿರುವುದು ಭಾರ ಬಿತ್ತು, ಭಾರ ಇಳಿಯಿತು, ಅಷ್ಟೇ. ಇಬ್ಬರು ಎಳೆಯುವ ಗರಗಸ ಹಾಗಲ್ಲ. ಗಂಟು ಸಿಕ್ಕರೆ ಕೀರುತ್ತದೆ, ಪೊಳ್ಳು ಸಿಕ್ಕರೆ ದನಿ ಬದಲಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬೀಳುವ ಮುನ್ನ ಮರ ತಾನೇ ಚಟ್ ಎನ್ನುತ್ತದಲ್ಲ, ಅದನ್ನು ಕೇಳಗೊಡುತ್ತದೆ. ಹುಲಿ ಕೇಳಗೊಡುವುದಿಲ್ಲ. ನೂರು ಡೆಸಿಬಲ್ ದಾಟಿದ ಸದ್ದನ್ನು ಕಿವಿಯ ಪಕ್ಕ ಹೊತ್ತು, ನಡುಕಕ್ಕೆ ಬೆರಳು ಬಿಳುಚಿಸಿಕೊಂಡವನು ಅದನ್ನು ಸಂಗೀತ ಎಂದದ್ದು ನಾನು ಕೇಳಿಲ್ಲ. ಹಾಗೆನ್ನುವವರೆಲ್ಲ ದೂರ ನಿಂತವರು.

ಇನ್ನು ನಮ್ಮ ಪರಿಸರ ಲೇಖಕರು. ಇವರಿಗೂ ಆ ಸದ್ದೇ ಬೇಕು, ಖಳನಾಯಕನ ಪ್ರವೇಶಕ್ಕೆ. ಕಾಡು ಹಾಳಾಯಿತು ಎಂದು ಬರೆಯುವಾಗ ಮೊದಲ ಪ್ಯಾರಾದಲ್ಲೇ ಚೈನ್‌ಸಾ ಗುರ್ರೆನ್ನಬೇಕು. ಆದರೆ ಅಳ್ನಾವರದಿಂದ ದಾಂಡೇಲಿಗೆ ರೈಲು ಹಳಿ ಹಾಕಿದ್ದು ನಾಟಾ ಒಯ್ಯಲು, ಅದೂ ಬ್ರಿಟಿಷರ ಕಾಲದಲ್ಲಿ. ಒಬ್ಬನೇ ಎತ್ತಿ ಕೊಯ್ಯಬಹುದಾದ, ಗೇರಿಲ್ಲದ ಸ್ಟಿಲ್ ಕಾಂಟ್ರಾ ಜರ್ಮನಿಯಲ್ಲಿ ಬಂದದ್ದೇ 1959ಕ್ಕೆ. ಅಲ್ಲಿಯವರೆಗಿನ ಸಾಗವಾನಿಯನ್ನು ಉರುಳಿಸಿದ್ದು ಕೊಡಲಿ, ಗರಗಸ. ಎಳೆದದ್ದು ಆನೆ, ಎತ್ತು. 1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಕೇಳಿದ್ದು ಬಿದಿರು. ಬಿದಿರಿಗೆ ಕತ್ತಿ ಸಾಕು. ಸೂಪಾದಲ್ಲಿ ಕಾಡು ಹೋದದ್ದು ಅಣೆಕಟ್ಟಿನ ನೀರಿಗೆ. ಹಳಿ, ಮಿಲ್ಲು, ಅಣೆಕಟ್ಟಿನ ಅಪ್ಪಣೆಗಳಿಗೆ ಸಹಿ ಬೀಳುವಾಗ ಎಂಥ ಸದ್ದೂ ಆಗಿರಲಿಕ್ಕಿಲ್ಲ. ಆರಾಧಕರೂ ಶಪಿಸುವವರೂ ಸೇರಿ ಒಂದು ಸಾಧಾರಣ ಮಶೀನಿಗೆ ಇಲ್ಲದ ದೊಡ್ಡಸ್ತಿಕೆ ಕೊಟ್ಟಿದ್ದಾರೆ.

ಕಳೆದ ಆಷಾಢದಲ್ಲಿ ಗಣೇಶಗುಡಿಯ ಆಚೆ ರಸ್ತೆಗೆ ಮತ್ತಿಮರ ಬಿದ್ದು ನಮ್ಮ ಬಸ್ಸು ನಿಂತಿತ್ತು. ಕಂಬಳಿಕೊಪ್ಪೆ ಹೊದ್ದ ಒಬ್ಬಾತ ಅಗ್ಗದ ಮಶೀನು ತಂದ. ಎಳೆದ, ಎಳೆದ, ಐದನೇ ಎಳೆತಕ್ಕೆ ಹತ್ತಿತು. ಸೊಳ್ಳೆಯ ದನಿಯೇ. ಮುಂದಿನ ಸೀಟಿನ ಅಜ್ಜಿ ಕಿವಿ ಮುಚ್ಚಿಕೊಂಡರು. ಮುಕ್ಕಾಲು ಕೊಯ್ದವನು ತಟ್ಟನೆ ಬಂದ್ ಮಾಡಿ, ದಿಮ್ಮಿಯ ಕಡೆ ತಲೆ ವಾಲಿಸಿ ನಿಂತ. ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ, ‘ಆಚೆ ಸರೀರಿ’ ಎಂದ.