ಮೊದಲು ಎತ್ತರ, ಆಮೇಲೆ ಪಿಕಪ್

ಎಲೆಕ್ಟ್ರಿಕ್ ಗಿಟಾರಿನ ನಾದ ಹಿಡಿಸದಿದ್ದರೆ ನುಡಿಸುವವರ ಮನಸ್ಸು ಮೊದಲು ಓಡುವುದು ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಕಡೆಗೆ. ಹಳೆಯದನ್ನು ಕಿತ್ತು ಹೊಸದನ್ನು ಬೆಸೆದರೆ ಎಲ್ಲ ಸರಿಹೋಗುತ್ತದೆಂದು ನಾನೂ ನಂಬಿದ್ದೆ. ನನ್ನ ಅಗ್ಗದ ಸ್ಟ್ರಾಟ್ ಮಾದರಿಯ ಗಿಟಾರಿನಲ್ಲಿ ಇದ್ದದ್ದು ಉಕ್ಕಿನ ಕಡ್ಡಿಗಳ ಕೆಳಗೆ ಸೆರಾಮಿಕ್ ಅಯಸ್ಕಾಂತ ಅಂಟಿಸಿದ ಪಿಕಪ್‌ಗಳು. ಅವನ್ನು ತೆಗೆದು, ಕಡ್ಡಿಗಳೇ ಅಯಸ್ಕಾಂತವಾಗಿರುವ ಆಲ್ನಿಕೋ ಪಿಕಪ್‌ಗಳನ್ನು ಹಾಕಿದೆ. ಎತ್ತರ ಮಾತ್ರ ಹಿಂದಿನಷ್ಟೇ ಇಟ್ಟೆ. ದಪ್ಪ ತಂತಿಯನ್ನು ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಒಂದೇ ಸ್ವರ ಎರಡಾಗಿ ಸೀಳಿ ಅಲೆಯತೊಡಗಿತು. ಸಂಜೆಯೆಲ್ಲ ತಂತಿ ಕೂರುವ ಸ್ಯಾಡಲ್ ಹಿಂದೆ ಮುಂದೆ ಸರಿಸಿದೆ. ಟ್ಯೂನರಿನ ಮುಳ್ಳು ನಿಲ್ಲಲೇ ಇಲ್ಲ. ಕೊನೆಗೆ ನೆಕ್ ಪಿಕಪ್ಪಿನ ಸ್ಕ್ರೂಗಳನ್ನು ಎರಡೆರಡು ಸುತ್ತು ತಿರುಗಿಸಿ ಕೆಳಗಿಳಿಸಿದಾಗ ಸ್ವರ ನೆಟ್ಟಗೆ ನಿಂತಿತು. ಅಯಸ್ಕಾಂತ ತಂತಿಯನ್ನು ತನ್ನತ್ತ ಎಳೆದು ಕಂಪನವನ್ನೇ ಕೆಡಿಸುತ್ತಿತ್ತು.

ತಂಬೂರಿ ಹಿಡಿದವರಿಗೆ ಇದು ಹೊಸ ಸಂಗತಿಯಲ್ಲ. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ದಾರ ಕೂದಲೆಳೆಯಷ್ಟು ಸರಿದರೂ ನಾದ ಅರಳುತ್ತದೆ, ಇಲ್ಲವೇ ಕಮರುತ್ತದೆ. ಆ ದಾರಕ್ಕೆ ನಮ್ಮವರು ಇಟ್ಟ ಹೆಸರು ಜೀವಾಳ. ಎಲೆಕ್ಟ್ರಿಕ್ ಗಿಟಾರಿನ ಜೀವಾಳ ಇರುವುದು ತಂತಿಗೂ ಪಿಕಪ್ಪಿಗೂ ನಡುವಿನ ಸಂದಿಯಲ್ಲಿ. ಹಳೆಯ ಶೈಲಿಯ ಸಿಂಗಲ್ ಕಾಯಿಲ್ ಪಿಕಪ್‌ಗಳಿಗೆ ಗಿಟಾರ್ ಕಂಪನಿ ಫೆಂಡರ್ ಹೇಳುವ ಅಳತೆ, ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ದಪ್ಪ ತಂತಿಯ ಕಡೆ ಸುಮಾರು 2.4 ಮಿ.ಮೀ., ಸಣ್ಣ ತಂತಿಯ ಕಡೆ 2 ಮಿ.ಮೀ. ಅಲ್ಲಿಂದ ಮುಂದಕ್ಕೆ ಕಿವಿಯೇ ದಾರಿ.

ಆದರೆ ಈ ಅಳತೆಗೆ ಅರ್ಥ ಬರುವುದು ಗಿಟಾರಿನ ಮೈಕಟ್ಟು ಸರಿಯಿದ್ದರೆ ಮಾತ್ರ. ಹೊಸ ತಂತಿ ಹಾಕಬೇಕು. ನೆಕ್ಕಿನೊಳಗಿನ ಟ್ರಸ್ ರಾಡ್ ತಿರುಗಿಸಿ ನೆಕ್ಕಿಗೆ ಕಾಲು ಮಿಲಿಮೀಟರಿನಷ್ಟು ಬಾಗು ಕೊಡಬೇಕು. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ ಸುಮಾರು 1.6 ಮಿ.ಮೀ. ಎತ್ತರದಲ್ಲಿರಬೇಕು. ಫ್ರೆಟ್ಟಿಗೆ ತಾಗಿ ಸದ್ದು ಸಾಯುವ ತಂತಿಯನ್ನು ಯಾವ ದುಬಾರಿ ಪಿಕಪ್ಪೂ ಬದುಕಿಸುವುದಿಲ್ಲ. ಮಳೆಗಾಲದ ತೇವಕ್ಕೆ ಮರ ಮಿಸುಕುತ್ತದೆ. ಮಂಗಳೂರಿನಂಥ ಕಡೆ ಇರುವವರು ವರ್ಷಕ್ಕೆ ಎರಡು ಸಲವಾದರೂ ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

ಪಿಕಪ್ ಬದಲಿಸುವವರೆಲ್ಲ ನೆನೆಯುವ ಹೆಸರು ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್. ಅವರು ಸ್ಟ್ರಾಟ್ ಆಕಾರದ ಗಿಟಾರಿಗೆ ಗಿಬ್ಸನ್ನಿನ ಎರಡು ಕಾಯಿಲ್‌ಗಳ ಹಂಬಕರ್ ಪಿಕಪ್ ಕೂರಿಸಿದರು. ಅವರ ಬ್ಯಾಂಡಿನ 1978ರ ಮೊದಲ ಆಲ್ಬಮ್ಮಿನ ಗರ್ಜನೆಗೆ ಆ ಗಿಟಾರೇ ಬಾಯಿ. ಈ ಕಥೆಯಲ್ಲಿ ನಾವು ಅರ್ಧವನ್ನಷ್ಟೇ ಹೇಳುತ್ತೇವೆ. ಪಿಕಪ್ ಕಿರುಚದಿರಲೆಂದು ಅವರು ಅದನ್ನು ಮೇಣದಲ್ಲಿ ಅದ್ದಿದರು, ಪಿಕಪ್ಪಿನ ಕಡ್ಡಿಗಳು ತಂತಿಗಳ ನೇರಕ್ಕೆ ಬರಲೆಂದು ಓರೆಯಾಗಿ ಕೂರಿಸಿದರು, ಒಂದೇ ಒಂದು ವಾಲ್ಯೂಮ್ ಗುಂಡಿ ಉಳಿಸಿಕೊಂಡರು. ನಾದ ಬಂದದ್ದು ಈ ಹಟದಿಂದ, ಗಿಟಾರನ್ನು ಬಿಚ್ಚಿ ಕೇಳಿ ಮತ್ತೆ ಬಿಚ್ಚಿದ ಕೈಯಿಂದ.

1972ರಲ್ಲಿ ಡಿಮಾರ್ಜಿಯೋ ಕಂಪನಿ 'ಸೂಪರ್ ಡಿಸ್ಟಾರ್ಷನ್' ಪಿಕಪ್ ತಂದಂದಿನಿಂದ 'ಹೆಚ್ಚು ಔಟ್‌ಪುಟ್' ಎಂಬ ಮಾತಿಗೆ ದೊಡ್ಡ ಸೆಳೆತ. ನನ್ನ ಆಕ್ಷೇಪ ಇರುವುದು ಇಲ್ಲಿ. ತಾಮ್ರದ ಸುತ್ತು ಹೆಚ್ಚಿದಷ್ಟೂ ಇಂಡಕ್ಟೆನ್ಸ್ ಏರುತ್ತದೆ, ಪಿಕಪ್ಪಿನ ಅನುರಣನ ಕೆಳಗಿನ ಆವರ್ತನಕ್ಕೆ ಇಳಿಯುತ್ತದೆ, ಮೇಲಿನ ಮಿನುಗು ಮಾಸುತ್ತದೆ. ಆ್ಯಂಪಿನ ನಾದ ಬೇಗ ಒಡೆಯಲೆಂದು ಬಯಸುವವರಿಗೆ ಅದು ವರ. ಒಂದೊಂದು ತಂತಿಯೂ ಬಿಡಿಯಾಗಿ ಕೇಳಿಸಲೆಂದು ಬಯಸುವವರಿಗೆ ನಷ್ಟ. ಹಂಬಕರನ್ನು 250 ಕಿಲೋಓಮಿನ ಪಾಟ್‌ಗೆ, ಅಂದರೆ ವಾಲ್ಯೂಮ್ ಗುಂಡಿಯಡಿಯ ಪ್ರತಿರೋಧಕಕ್ಕೆ, ಜೋಡಿಸಿದರೆ ಮಂಕು ಇನ್ನಷ್ಟು ಕವಿಯುತ್ತದೆ. ಅದಕ್ಕೆ 500 ಬೇಕು. ಪಿಕಪ್ಪಿಗೆ ಸಾವಿರಾರು ರೂಪಾಯಿ ಸುರಿದು ಪಾಟ್ ಮರೆತವರನ್ನು ಕಂಡಾಗ ಸಂಕಟವಾಗುತ್ತದೆ.

ಹಾಗೆಂದು ಪಿಕಪ್ ಬದಲಿಸುವುದೇ ದಂಡವೆನ್ನಲಾರೆ. ಸಿಂಗಲ್ ಕಾಯಿಲ್ಲಿನ ಗುಂಯ್‌ಗುಡುವಿಕೆ ನಮ್ಮ 50 ಹರ್ಟ್ಸ್ ಕರೆಂಟಿನ ಕೊಡುಗೆ. ಎಷ್ಟು ಎತ್ತರ ತಿದ್ದಿದರೂ ಅದು ಹೋಗದು. ಎದುರುಬದುರು ಸುತ್ತಿದ ಎರಡು ಕಾಯಿಲ್‌ಗಳ ಹಂಬಕರ್ ಅದನ್ನು ಅಳಿಸುತ್ತದೆ.

ಮೊನ್ನೆ ನನ್ನ ಹಳೆಯ ಸೆರಾಮಿಕ್ ಪಿಕಪ್‌ಗಳನ್ನು ಮತ್ತೆ ಕೂರಿಸಿ, ಈ ಸಲ ಎತ್ತರ ಸರಿಪಡಿಸಿ ಕೇಳಿದೆ. ಕ್ಲೀನ್ ಟೋನಿನಲ್ಲಿ ಆಲ್ನಿಕೋ ಖಂಡಿತ ಮೇಲು: ನೆಕ್ ಪಿಕಪ್ಪಿನಲ್ಲಿ ಗಂಟೆ ಬಡಿದ ಹಾಗೆ ದುಂಡಗಿನ ನಾದ. ಡಿಸ್ಟಾರ್ಷನ್ ಒತ್ತಿ ಬ್ರಿಡ್ಜ್ ಪಿಕಪ್ಪಿಗೆ ಬಂದಾಗ, ಯಾವುದು ಹೊಸದು ಯಾವುದು ಹಳೆಯದು ಎಂದು ಕಣ್ಣುಮುಚ್ಚಿ ಹೇಳಲು ನನ್ನಿಂದ ಆಗಲಿಲ್ಲ.