ಕೊನೆಯ ಸ್ಥಾನ ಯಾರದು?

ಪ್ರತಿ ವರ್ಷ ಬ್ಯಾಸಿಗ್ಯಾಗ ಒಂದು ಪಟ್ಟಿ ಬರ್ತದ. ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿ. 2025ರ ಮೊದಲ ಪರೀಕ್ಷೆಯ ಪಟ್ಟಿಯಲ್ಲಿ ಮೇಲಿನ ಸಾಲು ದಕ್ಷಿಣ ಕನ್ನಡ, ಶೇ. 91.12. ಕಟ್ಟಕಡೆಯ ಸಾಲು ಕಲಬುರಗಿ, ಶೇ. 42.43. ಪಟ್ಟಿ ಬಂದ ಮರುದಿನ ಸಾಹೇಬರು ಹೆಡ್‌ಮಾಸ್ತರಿಗೆ ಬೈತಾರ, ಹೆಡ್‌ಮಾಸ್ತರು ಮಾಸ್ತರಿಗೆ ಬೈತಾರ, ಮಾಸ್ತರು ಹುಡುಗರಿಗೆ ಬೈತಾರ. ಹುಡುಗನಿಗೆ ಬೈಯಾಕ ಯಾರೂ ಉಳಿದಿಲ್ಲ. ಅವ ಪುಣೆ ಬಸ್ ಹತ್ತತಾನ.

ಗೆಳೆಯರೇ, ನಾವು ಈ ಪಟ್ಟಿಯನ್ನು ಒಂದು ಕೃತಿಯಂತೆ ಓದಬೇಕೆಂದಿದ್ದೇವೆ. ವಿಮರ್ಶೆ ಎಂದರೆ ಕತೆ ಕವಿತೆಗಳ ಗುಣದೋಷ ಎಣಿಸುವುದಷ್ಟೇ ಅಲ್ಲ. ನಮ್ಮ ಮಕ್ಕಳನ್ನು ದಡ್ಡರೆಂದು ಊರಿಗೆಲ್ಲ ಸಾರುವ ಬರಹವೂ ವಿಮರ್ಶೆಗೆ ಒಳಗಾಗಬೇಕು. ಈ ಪಟ್ಟಿ ಹೇಳುವುದೇನು? ಮುಚ್ಚಿಡುವುದೇನು?

ಮೊದಲು ಮುಚ್ಚಿಡುವುದು ಚರಿತ್ರೆಯನ್ನು. ಆಳಂದ, ಅಫಜಲಪುರ, ಜೇವರ್ಗಿ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು. ಅಲ್ಲಿ ಮೇಲಿನ ಓದು ಉರ್ದುವಿನದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ. ದರಬಾರದ ಭಾಷೆ ಕಲಿಯಲು ಹೊಲ, ಮನೆ, ಬಿಡುವು ಇದ್ದವರ ಮಕ್ಕಳು ಕಚೇರಿ ಸೇರಿದರು. ಕೇರಿಯ ಮಕ್ಕಳು ಅವರ ಹೊಲಕ್ಕೆ ಆಳಾಗಿ ಸೇರಿದರು. ಇದು ಉರ್ದುವಿನ ತಪ್ಪಲ್ಲ. ಬಡ ಮುಸಲ್ಮಾನನ ಮಗನೂ ಹೊರಗೇ ಇದ್ದ. 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿದೆವು, ಕನ್ನಡ ಸಾಲಿ ಬಂದವು. ನಮ್ಮ ಮಕ್ಕಳು ತಲೆ ತುಂಬ ಎಣ್ಣೆ ಹಚ್ಚಿಕೊಂಡು ಸಾಲಿ ಮೆಟ್ಟಿಲು ಹತ್ತುವ ಹೊತ್ತಿಗೆ ಉಳ್ಳವರು ಇಂಗ್ಲಿಷಿನ ಕಡೆ ಹೊರಟಿದ್ದರು. ಭಾಷೆ ಬದಲಾಯ್ತು, ನಡುವಿನ ಗ್ವಾಡಿ ಹಂಗೇ ಉಳೀತು.

ಎರಡನೆಯದಾಗಿ ಮುಚ್ಚಿಡುವುದು ಹೊಟ್ಟೆಯನ್ನು. ನಮ್ಮದು ತೊಗರಿ ನಾಡು. ಡಿಸೆಂಬರ್, ಜನವರಿಯೊಳಗೆ ರಾಶಿ ಮುಗಿದರೆ ಹೊಲದಾಗ ಕೂಲಿ ಇಲ್ಲ. ಕಬ್ಬು ಕಡಿಯಲು ಮುಂಗಡ ಹಿಡಿದ ತಾಂಡಾದ ಮಂದಿ ಇನ್ನೂ ಮುಂಚೆ ಗಂಟು ಕಟ್ಟುತ್ತಾರೆ. ಉಳಿದವರು ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರಿನ ಕಟ್ಟಡಗಳಿಗೆ. ಪರೀಕ್ಷೆ ಯಾವಾಗ? ಮಾರ್ಚಿನಲ್ಲಿ! ಅಪ್ಪ ಅವ್ವ ಊರು ಬಿಟ್ಟ ತಿಂಗಳಲ್ಲೇ ಮಗ ಗಣಿತ ಬರೆಯಬೇಕು. ಮಗಳಾದರೆ ತಮ್ಮ ತಂಗಿಯರಿಗೆ ರೊಟ್ಟಿ ಬಡಿದು ಬರೆಯಬೇಕು. ತಿಂಗಳ ಪಗಾರದ ಮನೆಯ ಕ್ಯಾಲೆಂಡರ್ ನೋಡಿ ಸಾಲಿಯ ವರ್ಷ ಮಾಡ್ಯಾರ; ಕೂಲಿ ಮನೆಯ ವರ್ಷ ಯಾರೂ ನೋಡಿಲ್ಲ. ಹತ್ತನೆತ್ತಕ್ಕೆ ಬರುವ ಮೊದಲೇ ಸಾಲಿ ಬಿಟ್ಟವರಂತೂ ಈ ಪಟ್ಟಿಯಲ್ಲಿ ಫೇಲಾದವರೂ ಅಲ್ಲ. ಅವರಿಗೆ ಕೊನೆಯ ಸ್ಥಾನವೂ ಇಲ್ಲ.

ಸರ್ಕಾರ ಸುಮ್ಮನೆ ಕುಂತಿಲ್ಲ ಅನ್ನುವವರಿದ್ದಾರೆ. ನಿಜ. 2002ರಲ್ಲಿ ನಂಜುಂಡಪ್ಪ ಸಮಿತಿ ಈ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಬರೆಯಿತು. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಗೆ ಬಂತು. 2012ರ ತಿದ್ದುಪಡಿಯಿಂದ 371(ಜೆ) ಬಂತು; ಓದಿನಲ್ಲಿ, ನೌಕರಿಯಲ್ಲಿ ಈ ಭಾಗದವರಿಗೆ ಮೀಸಲು ಸಿಕ್ಕಿತು. ಇವೆಲ್ಲ ಹೋರಾಟದಿಂದ ಬಂದವು, ಬೇಕಾದವೇ. ಆದರೆ ಬಾಗಿಲು ತೆರೆದದ್ದು ಮಾಳಿಗೆ ಮೇಲೆ. ಹತ್ತನೆತ್ತ ದಾಟದ ಹುಡುಗ ಮಾಳಿಗೆ ಹ್ಯಾಂಗ ಹತ್ತಬೇಕು? ಕಡಗಂಚಿ ಸುತ್ತಿನ ಹಳ್ಳಿಗಳಿಂದ ಆ ಗೇಟಿನೊಳಗೆ ಪುಸ್ತಕ ಹಿಡಿದು ಹೋದವರೆಷ್ಟು, ಗಾರೆ ಬುಟ್ಟಿ ಹೊತ್ತು ಹೋದವರೆಷ್ಟು? ಯಾರಾದರೂ ಎಣಿಸಲಿ. 2024ರಲ್ಲಿ ಪರೀಕ್ಷೆ ಕೋಣೆಗೆ ಕ್ಯಾಮೆರಾ ಹಾಕಿ ನೇರ ಪ್ರಸಾರ ನೋಡಿದರು. ಮೂರು ತಾಸು ಹುಡುಗನನ್ನು ನೋಡಿದ ಆ ಕಣ್ಣು, ಮಾಸ್ತರಿಲ್ಲದೆ ಖಾಲಿ ಕಳೆದ ಅವನ ವರ್ಷವನ್ನು ಯಾಕ ನೋಡಲಿಲ್ಲ?

ಮೂರನೆಯದು ಎಲ್ಲಕ್ಕಿಂತ ಕಹಿ. ಒಂದು ಕಾಲಕ್ಕೆ ನಮ್ಮನ್ನು ಸಾಲಿಯ ಹೊರಗೆ, ಕಟ್ಟೆಯ ಕೆಳಗೆ ಕೂಡಿಸಿದರು. ಈಗ ಕಾನೂನು ಇದೆ, ಕೂಡಿಸಲಾಗದು. ಅದಕ್ಕ ಅವರೇ ಎದ್ದು ಹೋಗ್ಯಾರ. ಗೌಡರ ಮಗ, ವ್ಯಾಪಾರಿ ಮಗ, ಮಾಸ್ತರ ಮಗನೂ ಪಟ್ಟಣದ ಕಾನ್ವೆಂಟಿನ ಬಸ್ಸಿಗೆ ನಿಂತಾರ. ಊರ ಸಾಲಿ ಕೇರಿಯ, ತಾಂಡಾದ, ಕೂಲಿಯವರ ಸಾಲಿಯಾಗಿ ಉಳಿದಿದೆ. ಕೇಳುವ ದನಿ ಇದ್ದವರು ಎದ್ದು ಹೋದ ಮೇಲೆ ಮಾಸ್ತರ ಹುದ್ದೆ ಖಾಲಿ ಬಿದ್ದರೆ ಕೇಳುವವರ್ಯಾರು? ಖಾಸಗಿ ಸಾಲಿಯಲ್ಲಿ ಬಡವರಿಗೆ ಶೇ. 25 ಸೀಟು ಎಂದಿತು 2009ರ ಶಿಕ್ಷಣ ಹಕ್ಕು ಕಾಯ್ದೆ. ಹತ್ತಿರದಲ್ಲಿ ಸರ್ಕಾರಿ ಸಾಲಿ ಇದ್ದರೆ ಆ ಸೀಟು ಇಲ್ಲವೆಂದು 2019–20ರಿಂದ ಕರ್ನಾಟಕ ನಿಯಮ ತಿದ್ದಿತು. ಸರ್ಕಾರಿ ಸಾಲಿ ಉಳಿಸಲಿಕ್ಕೆ ಅಂದರು. ಉಳಿಸುವ ಭಾರ ಬಡವನ ಮಗನ ಹೆಗಲಿಗೇ ಬಿತ್ತು. ಸಾಹೇಬನ ಮಗನಿಗೆ ಅಂಥ ನಿಯಮ ಇಲ್ಲ.

ಇಲ್ಲಿ ನಮ್ಮ ಮುಖವನ್ನೂ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಮೀಸಲಾತಿಯಿಂದ ನೌಕರಿ ಹಿಡಿದ ನಮ್ಮವರೂ ಕಲಬುರಗಿಯಲ್ಲಿ ಮನೆ ಕಟ್ಟಿ ಮಕ್ಕಳನ್ನು ಕಾನ್ವೆಂಟಿಗೆ ಹಚ್ಚಿದ್ದೇವೆ. ಇಂಗ್ಲಿಷ್ ಬೇಕೆನ್ನುವ ದಲಿತ ತಾಯಿಯನ್ನು ನಾವು ಹಳಿಯುವುದಿಲ್ಲ. ಆಕೆ ಲೋಕದ ಲೆಕ್ಕ ಸರಿಯಾಗೇ ಹಾಕಿದ್ದಾಳೆ. ಆದರೆ 1950ರಲ್ಲಿ ಬಾಬಾಸಾಹೇಬರು ಔರಂಗಾಬಾದಿನಲ್ಲಿ ಕಾಲೇಜು ತೆರೆದದ್ದು ನೆನಪಿರಲಿ. ಆಗ ಗುಲ್ಬರ್ಗ, ಔರಂಗಾಬಾದ್ ಎರಡೂ ಒಂದೇ ಹೈದರಾಬಾದ್ ರಾಜ್ಯ. ಕಲಿತವನು ಕೇರಿ ಬಿಟ್ಟು ಓಡಲೆಂದು ಅವರು ಕಾಲೇಜು ಕಟ್ಟಲಿಲ್ಲ.

ಎಲ್ಲರ ಮಕ್ಕಳಿಗೂ ಒಂದೇ ಸಾಲಿ ಎಂಬುದು ಹೊಸ ಮಾತೇನಲ್ಲ. 1964–66ರ ಕೊಠಾರಿ ಆಯೋಗ ಹೇಳಿ ಕೈ ತೊಳೆದುಕೊಂಡದ್ದು ಅದೇ. ಅದಕ್ಕೂ ಮುಂಚೆ, ಇದೇ ಜೇವರ್ಗಿ ಸೀಮೆಯ, ಈಗ ಯಡ್ರಾಮಿಗೆ ಸೇರಿದ ಕಡಕೋಳದಲ್ಲಿ ಮಡಿವಾಳಪ್ಪನ ಮುಂದೆ ಚೆನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ ಶಿಷ್ಯರಾಗಿ ಕೂತಿದ್ದರು. ಜಾತಿ, ಮತ ಕೇಳದ ಓದು ಈ ಮಣ್ಣಿಗೆ ಗೊತ್ತಿತ್ತು.

ಹಳ್ಳಿಯ ಮಾಸ್ತರರೇ, ಓದುವ ಗೆಳೆಯರೇ, ಮುಂದಿನ ಪಟ್ಟಿ ಬರುವ ಮೊದಲು ನಿಮ್ಮೂರ ಇನ್ನೊಂದು ಪಟ್ಟಿ ನೀವೇ ಬರೆಯಿರಿ. ರಾಶಿ ಮುಗಿದ ಮೇಲೆ ಯಾವ ಮನೆಯವರು ಎಲ್ಲಿಗೆ ಹೋದರು, ಅವರ ಮಕ್ಕಳು ಎಲ್ಲಿ ಉಂಡರು, ಯಾವ ಹುದ್ದೆ ಎಷ್ಟು ವರ್ಷದಿಂದ ಖಾಲಿ, ನಿಮ್ಮೂರ ಮೆಂಬರರ ಮಕ್ಕಳು ಯಾವ ಸಾಲಿಯಲ್ಲಿ. ಅಪ್ಪ ಅವ್ವ ದುಡಿಯಲು ಹೋದ ತಿಂಗಳುಗಳಲ್ಲಿ ಮಕ್ಕಳಿಗೆ ಊರಲ್ಲೇ ಊಟ, ವಸತಿ ಬೇಕೆಂದು ಆ ಪಟ್ಟಿ ಹಿಡಿದು ತಾಲ್ಲೂಕು ಕಚೇರಿ ಮುಂದೆ ಕೂಡೋಣ. ಕೊನೆಯ ಸ್ಥಾನ ಯಾರದೆಂದು ಅವರು ಆಗ ಹೇಳಲಿ.